ನೀರಿಗೆ ಹೋದ ದಿನ

ಅವ್ವ ಎಂದು ಬರೆದರೆ ಬಯಲುಸೀಮೆಯ ಗೆಳೆಯರಿಗೆ ಬೇಗ ಮುಟ್ಟೀತು. ಆದರೆ ನಮ್ಮಲ್ಲಿ ತಾಯಿಗೆ ಅಪ್ಪೆ ಅನ್ನುತ್ತೇವೆ. ಮನೆಮಾತು ತುಳು. ಕನ್ನಡ ನನಗೆ ಶಾಲೆ ಕೊಟ್ಟ ಭಾಷೆ. ಅಪ್ಪೆ ಶಾಲೆಯ ಮೆಟ್ಟಿಲು ಹತ್ತಿದ್ದು ನನ್ನನ್ನು ಸೇರಿಸಲು ಬಂದ ದಿನ ಮಾತ್ರ. ಹಾಗಾಗಿ ಅವಳು ಇಲ್ಲಿ ಆಡುವ ಮಾತೆಲ್ಲ ನಾನು ಕನ್ನಡಕ್ಕೆ ತಂದದ್ದು. ತರುವ ದಾರಿಯಲ್ಲಿ ಅವಳ ನಗು ಅರ್ಧ ಚೆಲ್ಲಿ ಹೋಗಿದೆ.

2019ರ ಮೇ ತಿಂಗಳು. ಮುಂಡಾಜೆಯ ಕಡೆ ತೋಡುಗಳೆಲ್ಲ ಬತ್ತಿ ಕಲ್ಲು ಬಿಟ್ಟಿದ್ದವು. ಅಕ್ಕನ ಮಕ್ಕಳಿಬ್ಬರು ರಜೆಗೆ ಬಂದಿದ್ದರು. ಹುಡುಗಿಗೆ ಆರು, ಹುಡುಗನಿಗೆ ನಾಲ್ಕು. ಹುಡುಗಿಯ ಕ್ಲಾಸಿನ ಯಾರೋ 'ನೀರಿನ ಪಾರ್ಕಿಗೆ' ಹೋಗಿಬಂದು ಕತೆ ಹೇಳಿತ್ತಂತೆ. ಅಲ್ಲಿ ನೀರು ಮಾಳಿಗೆ ಹತ್ತುತ್ತದಂತೆ, ಮಕ್ಕಳನ್ನು ಹೊತ್ತುಕೊಂಡು ಜಾರುತ್ತದಂತೆ. ಮೂರು ದಿನ ಇದೇ ಹಟ. ನಾನು ಬಿ.ಎ. ಮುಗಿಸಿ ಒಂದು ಫೈನಾನ್ಸಿನಲ್ಲಿ ಸಾಲ ವಸೂಲಿಯ ಗುಮಾಸ್ತನಾಗಿದ್ದೆ. (ನಮ್ಮವರ ಮನೆಗಳಿಗೇ ಹೋಗಿ ಕಂತು ಕೇಳುವ ಕೆಲಸ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.) ಕೈಯಲ್ಲಿ ಸಂಬಳ ಇತ್ತು. ಹೋಗುವ ಎಂದೆ. ಅಪ್ಪೆ ಕೇಳಿದಳು:

"ಮೀಯ್ಲಿಕ್ಕೂ ಟಿಕೇಟಾ?"

ಹೌದು, ಮೀಯಲಿಕ್ಕೂ ಟಿಕೇಟು.

ನಾವು ಹೋದದ್ದು ಮಂಗಳೂರಿನ ಹತ್ತಿರ ವಾಮಂಜೂರಿನ ಆಚೆ, ಪಿಲಿಕುಳಕ್ಕೆ. ಅಲ್ಲಿ ಮಾನಸ ಎಂಬ ವಾಟರ್ ಪಾರ್ಕು. ಪಿಲಿ ಎಂದರೆ ತುಳುವಿನಲ್ಲಿ ಹುಲಿ, ಕುಳ ಎಂದರೆ ಕೊಳ. ಹಿಂದೆ ಕಾಡಿನ ಹುಲಿಗಳು ಬಂದು ನೀರು ಕುಡಿಯುತ್ತಿದ್ದ ಕೊಳವಂತೆ, ಅದಕ್ಕೇ ಆ ಹೆಸರು. ಬಸ್ಸಿನಲ್ಲಿ ಇದನ್ನು ಮಕ್ಕಳಿಗೆ ಹೇಳಿದೆ. ಹುಡುಗ ಹೆದರಿ ಅಪ್ಪೆಯ ಮಡಿಲಿಗೆ ಹತ್ತಿದ. ನನಗೆ ಮಾತ್ರ ಬೇರೆಯೇ ಯೋಚನೆ. ಹುಲಿಗೂ ತನ್ನದೆಂದು ಒಂದು ಕೊಳ ಇತ್ತಲ್ಲ ಈ ನಾಡಿನಲ್ಲಿ! ಯಾರೂ ಅದಕ್ಕೆ ದೂರ ನಿಲ್ಲು ಎನ್ನಲಿಲ್ಲ, ಅದರ ಬಾಯಿ ತಾಗಿದ ನೀರನ್ನು ತೊಳೆದು ಶುದ್ಧ ಮಾಡಲಿಲ್ಲ.

ಬೆಳ್ತಂಗಡಿ, ಗುರುವಾಯನಕೆರೆ, ವೇಣೂರು, ಮೂಡುಬಿದಿರೆ. ಅಲ್ಲಿ ಬಸ್ಸು ಬದಲು. ಎಡಪದವು, ಕೈಕಂಬ, ಗುರುಪುರದ ಸೇತುವೆ. ಹುಡುಗಿ ಎರಡು ಸಲ ವಾಂತಿ ಮಾಡಿದಳು. ಗೇಟಿನ ಹೊರಗೆ ಮರದಡಿ ಕೂತು ಅಪ್ಪೆ ಕಟ್ಟಿ ತಂದ ಪುಂಡಿಯನ್ನೂ ಒಣಮೀನಿನ ಚಟ್ನಿಯನ್ನೂ ತಿಂದು ಕೈ ಮೂಸಿ ಮೂಸಿ ತೊಳೆದುಕೊಂಡೆವು. ಹಾಗೆ ಮೂಸಿ ತೊಳೆಯುವುದನ್ನು ನನಗೆ ಹಾಸ್ಟೆಲ್ಲು ಕಲಿಸಿತ್ತು.

ನೀರಿಗಿಳಿಯಲು ನೈಲಾನು ಬಟ್ಟೆಯೇ ಬೇಕು. ಹತ್ತಿ ಬಟ್ಟೆಯ ನೂಲು ಬಿಟ್ಟುಕೊಂಡು ನೀರು ಸೋಸುವ ಯಂತ್ರದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದೇ ನೀರನ್ನು ಪಂಪು ಎಳೆದು, ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕಿ, ಮತ್ತೆ ಮಾಳಿಗೆ ಹತ್ತಿಸಿ ಜಾರುಬಂಡೆಗೆ ಬಿಡುವುದು. ನನಗೆ ಇದು ಬಹಳ ಹಿಡಿಸಿತು. ಇಲ್ಲಿ ಮೈಲಿಗೆ ಬಟ್ಟೆಗೆ ಮಾತ್ರ. ಬಾಡಿಗೆ ಕೊಟ್ಟು ಬೇರೆ ಬಟ್ಟೆ ಹಾಕಿಕೊಂಡರೆ ಕಳೆಯಿತು. ಕ್ಲೋರಿನ್ನೂ ಎಲ್ಲರಿಗೂ ಒಂದೇ. ಯಾರ ಮೈಯಿಂದ ಬಂದ ಕೊಳೆ ಎಂದು ಅದು ಕೇಳುವುದಿಲ್ಲ.

ಅಕ್ಕ ಬದಲಾಯಿಸಿಕೊಂಡಳು. ನಾನೂ, ಮಕ್ಕಳೂ. ಅಪ್ಪೆ ಮಾತ್ರ ಒಲ್ಲೆ ಎಂದಳು. ಸೀರೆ ಬಿಚ್ಚಿ ಚಡ್ಡಿ ಹಾಕಿಕೊಳ್ಳುವ ಪ್ರಾಯವಾ ನನ್ನದು, ನಾನು ಇಲ್ಲೇ ಕೂತು ಚೀಲ ನೋಡಿಕೊಳ್ತೇನೆ ಅಂದಳು. ಕೊಳದ ಅಂಚಿನಿಂದ ಮೂರು ನಾಲ್ಕು ಮಾರು ದೂರದಲ್ಲಿ ಕೂತಳು. ಆ ದೂರ ನನಗೆ ಗೊತ್ತು. ಅದನ್ನು ಅವಳು ಅಳೆದು ಕೂತದ್ದಲ್ಲ, ಮೈಯೇ ಅಲ್ಲಿ ಕೂರಿಸಿತು.

ಅವಳು ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಕಾಲನಿಗೆ ಬಾವಿಯಿರಲಿಲ್ಲ. ಕೆಲಸಕ್ಕೆ ಹೋಗುವ ತೋಟದ ಮನೆಯ ಬಾವಿಕಟ್ಟೆಯಿಂದ ಅಷ್ಟೇ ದೂರದಲ್ಲಿ ಕೊಡಪಾನ ಇಟ್ಟು ನಿಲ್ಲಬೇಕು. ಮನೆಯವರು ಯಾರಾದರೂ ಬಂದು ಸೇದಿ, ತಮ್ಮ ಕೊಡ ತಾಗದ ಹಾಗೆ ಮೇಲಿನಿಂದ ಹುಯ್ಯಬೇಕು. ಅರ್ಧ ನೀರು ಮಣ್ಣಿಗೆ. ಬಾಯಾರಿದರೆ ಎರಡು ಕೈ ಜೋಡಿಸಿ ಬಗ್ಗಿ ನಿಲ್ಲುವುದು, ಅದಕ್ಕೂ ಮೇಲಿನಿಂದಲೇ. ಅಕ್ಕ ಹೊಟ್ಟೆಯಲ್ಲಿದ್ದಾಗ ಒಂದು ದಿನ ಬೆಳಗ್ಗೆ ನಿಂತವಳಿಗೆ ಮಧ್ಯಾಹ್ನದವರೆಗೂ ಯಾರೂ ಸೇದಿ ಕೊಡಲಿಲ್ಲವಂತೆ. ಮನೆಯಲ್ಲಿ ಏನೋ ಪೂಜೆ ಇತ್ತು. "ಅವರು ಮರೆತದ್ದು ಮಗಾ, ಬೇಕಂತ ಅಲ್ಲ" ಎನ್ನುತ್ತಾಳೆ ಈಗಲೂ.

ಇನ್ನು ಕಟ್ಟ. ನಮ್ಮ ಕಡೆ ಮಳೆ ನಿಂತು ತೋಡಿನ ಹರಿವು ಇಳಿಯುತ್ತಲೇ ಅಡ್ಡಕ್ಕೆ ಕಲ್ಲು, ಮಣ್ಣು, ಸೊಪ್ಪು ತುಂಬಿ ಕಟ್ಟ ಹಾಕುತ್ತಾರೆ. ನೀರು ಹಿಂದಕ್ಕೆ ನಿಂತು ಅಡಿಕೆ ತೋಟಕ್ಕೆ ಆಗುತ್ತದೆ. ಸೊಂಟಮಟ್ಟದ ನೀರಿನಲ್ಲಿ ನಿಂತು ಅದನ್ನು ಕಟ್ಟುತ್ತಿದ್ದದ್ದು ಅಪ್ಪ, ಅಪ್ಪೆ, ನಮ್ಮ ಕಾಲನಿಯವರು. ಕಟ್ಟುವಾಗ ನೀರಿಗೆ ಮೈಲಿಗೆ ಇಲ್ಲ. ಕಟ್ಟಿ ಮುಗಿದು ನೀರು ತಿಳಿಯಾದ ಮೇಲೆ ನಮ್ಮ ಮಕ್ಕಳು ಕಟ್ಟದ ಕೆಳಗೆ ಸೋರಿದ ನೀರಿನಲ್ಲಿ ಮೀಯಬೇಕು, ತೋಟದ ಮನೆಯ ಮಕ್ಕಳು ಮೇಲೆ ಈಜುವುದು. ನಾನು ಚಿಕ್ಕವನಿದ್ದಾಗಲೂ ಹಾಗೇ ಇತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅದೇ 2019ರ ಆಗಸ್ಟಿನ ನೆರೆಯಲ್ಲಿ, ಚಾರ್ಮಾಡಿಯ ಗುಡ್ಡಗಳು ಕುಸಿದು ಮೃತ್ಯುಂಜಯ ಹೊಳೆ ತೋಟಗಳಿಗೆ ನುಗ್ಗಿದಾಗ, ನಮ್ಮ ಕಟ್ಟದ ಕಲ್ಲಿನ ಗುರುತೂ ಉಳಿಯಲಿಲ್ಲ. ಮಳೆ ನಿಂತ ಮೇಲೆ ಮತ್ತೆ ಕಟ್ಟಿದವರೂ ನಮ್ಮವರೇ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದದ್ದು ನಿಮಗೆಲ್ಲ ಗೊತ್ತು. ಆಮೇಲೆ ಆ ಊರಿನ ಮೇಲ್ಜಾತಿಯವರು 108 ಕೊಡ ಸಗಣಿ, ಗಂಜಳ, ಹಾಲು, ಮೊಸರು ಸುರಿದು ಕೆರೆಯನ್ನು 'ಶುದ್ಧ' ಮಾಡಿದ್ದೂ ಗೊತ್ತು. ಆ ನೀರಿನ ಹಕ್ಕನ್ನು ಬೊಂಬಾಯಿ ಹೈಕೋರ್ಟು ಒಪ್ಪಿದ್ದು 1937ರಲ್ಲಿ. ಸಂವಿಧಾನದ 15ನೇ ವಿಧಿಯ ಎರಡನೇ ಭಾಗವನ್ನು ತೆಗೆದು ನೋಡಿ. ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಜಾಗ ಎಂದು ಅಲ್ಲಿದೆ. ಬಾವಿ, ಕೆರೆ, ಸ್ನಾನಘಟ್ಟ ಎಂದೂ ಇದೆ. ವಾಟರ್ ಪಾರ್ಕು ಮನರಂಜನೆಯ ಜಾಗವೂ ಹೌದು, ಸ್ನಾನಘಟ್ಟವೂ ಹೌದು. ಈ ಎರಡು ಸಾಲಿಗೆ ಎಷ್ಟು ಜನ ಪೆಟ್ಟು ತಿಂದಿದ್ದಾರೆ! ಅಂಥ ನೀರಿನಲ್ಲಿ ನನ್ನ ಅಕ್ಕನ ಮಕ್ಕಳು ಕೈಕಾಲು ಬಡಿಯುತ್ತಿದ್ದರು. ಅವಕ್ಕೆ ಇದೊಂದೂ ಬೇಡ. ಕಿವಿಗೆ ನೀರು ಹೋಯಿತು ಎಂದು ಒಂದು ಕಾಲಲ್ಲಿ ಕುಣಿಯುವುದೇ ಅವರ ದೊಡ್ಡ ಕೆಲಸ.

ಮಕ್ಕಳ ಕೊಳದಲ್ಲಿ ಮೊಣಕಾಲುದ್ದ ನೀರು. ನೂರಾರು ಜನ. ಎಲ್ಲರೂ ಅದೇ ಬಾಡಿಗೆ ಬಟ್ಟೆ, ಎಲ್ಲರ ತಲೆಯೂ ಒದ್ದೆ. ಯಾರ ಗುರುತೂ ಹತ್ತುವುದಿಲ್ಲ. ಸಂತೋಷ ಆಯಿತು ನನಗೆ, ಸುಳ್ಳು ಯಾಕೆ ಹೇಳಲಿ. ನನ್ನ ಪದ್ಯಗಳಲ್ಲಿ ನೀರಿಗಿಂತ ಬೆಂಕಿಯೇ ಜಾಸ್ತಿ ಎಂದು ಗೆಳೆಯರು ಗೇಲಿ ಮಾಡುವುದುಂಟು. ಅವತ್ತು ನೀರಿನ ಬಗ್ಗೆ ಬರೆಯಬೇಕು ಅನಿಸಿತ್ತು.

ಆಗ ಅಕ್ಕನ ಪಕ್ಕದಲ್ಲಿ ಒಬ್ಬರು ಹೆಂಗಸು ನಿಂತಿದ್ದರು. ಅವರ ಹುಡುಗಿಯೂ ನಮ್ಮ ಹುಡುಗಿಯೂ ಆಗಲೇ ಕೈಕೈ ಹಿಡಿದುಕೊಂಡು ಜಾರುಬಂಡೆಗೆ ಸಾಲು ನಿಂತು ಬಂದಿದ್ದರು. ಅಕ್ಕನ ತುಳು ಕೇಳಿ ಅವರಿಗೆ ಖುಷಿ.

"ಯಾವ ಊರು ನಿಮ್ಮದು?"

"ತಾಯಿಮನೆ ಮುಂಡಾಜೆ."

"ಹೋ, ನಮ್ಮ ಕಡೆಯೇ ಅಲ್ವಾ! ಮುಂಡಾಜೆಯಲ್ಲಿ ಎಲ್ಲಿ? ಯಾರ ಮನೆ?"

ನಮ್ಮ ಜಿಲ್ಲೆಯಲ್ಲಿ ಜಾತಿ ಯಾವುದು ಎಂದು ಯಾರೂ ಕೇಳುವುದಿಲ್ಲ, ಬಹಳ ಮರ್ಯಾದೆಯ ಊರು ನಮ್ಮದು. ಯಾರ ಮನೆ ಎಂದು ಕೇಳುತ್ತಾರೆ. ಮನೆ ಎಂದರೆ ಮನೆತನದ ಹೆಸರು. ಹೆಸರಿಲ್ಲದಿದ್ದರೆ ಅದೂ ಉತ್ತರವೇ. ಅಕ್ಕ ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆನೋ ಏನೋ. ಅವಳು "ಕಾಲನಿಯಲ್ಲಿ" ಅಂದಳು.

ಆ ಹೆಂಗಸು ನಕ್ಕರು. ನಗು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮಗಳನ್ನು ಕರೆದರು: "ಬಾ ಬಾ, ಸಾಕು. ಶೀತ ಆಗ್ತದೆ." ಹುಡುಗಿ ಅತ್ತಿತು. ಎಳೆದುಕೊಂಡು ಹೋದರು. ಹೊರಗೆ ಹೋಗಲಿಲ್ಲ, ಆಚೆಯ ಕೊಳಕ್ಕೆ ಹೋದರು.

ಶೀತದ ಹೆದರಿಕೆ ನಿಜವೇ ಇದ್ದಿರಬಹುದು. ನಮ್ಮ ಕಷ್ಟ ಇರುವುದೇ ಇಲ್ಲಿ. 1964ರ ಜೂನ್‌ನಲ್ಲಿ ಅಮೆರಿಕದ ಸೇಂಟ್ ಆಗಸ್ಟೀನ್ ಎಂಬ ಊರಿನಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಹೋಟೆಲೊಂದರ ಈಜುಕೊಳಕ್ಕೆ ಹಾರಿದಾಗ ಅದರ ಯಜಮಾನ ನೀರಿಗೆ ಆಸಿಡ್ ಸುರಿದ. ಅದರ ಫೋಟೋ ಉಂಟು, ಲೋಕವೆಲ್ಲ ನೋಡಿದೆ. ಮಹಾಡದ 108 ಕೊಡಕ್ಕೂ ಲೆಕ್ಕ ಉಂಟು. ಶೀತ ಆಗ್ತದೆ ಎಂಬುದಕ್ಕೆ ಯಾವ ಠಾಣೆಯಲ್ಲಿ ದೂರು ಬರೆಸುವುದು? ನಾನು ಎದ್ದು ಹೋಗಿ ಕೇಳಬೇಕು ಎಂದಿದ್ದೆ. ಅಕ್ಕ ಕೈ ಹಿಡಿದಳು. "ಮಕ್ಕಳು ಉಂಟು, ಸುಮ್ಮನಿರು."

ತಿರುಗಿ ನೋಡಿದರೆ ಚೀಲ ಮಾತ್ರ ಇದೆ, ಅಪ್ಪೆ ಇಲ್ಲ.

ಕಾಲು ಗಂಟೆ ಬಿಟ್ಟು ಬಂದಳು. ನೇರಳೆ ಬಣ್ಣದ ನೈಲಾನು ಅಂಗಿ, ಮೊಣಕಾಲಿನ ಕೆಳಗಿನವರೆಗೆ ಚಡ್ಡಿ. ಸೊಂಟಕ್ಕೆ ದೊಡ್ಡದಾಗಿ, ಒಂದು ಕೈಯಲ್ಲಿ ಹಿಡಿದುಕೊಂಡಿದ್ದಳು. ಸೆರಗಿನ ಗಂಟಿನಲ್ಲಿದ್ದ ತನ್ನ ಕೂಲಿಯ ದುಡ್ಡು ಕೊಟ್ಟಿದ್ದಳು, ನನ್ನನ್ನು ಕೇಳಲಿಲ್ಲ. ಅವಳ ಮೀನಖಂಡವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಇಂಬಳ ಕಚ್ಚಿದ ಕಲೆಗಳು.

ಎಲ್ಲವನ್ನೂ ನೋಡಿದ್ದಳು ಎಂದು ಮುಖವೇ ಹೇಳುತ್ತಿತ್ತು. ಏನೂ ಆಡಲಿಲ್ಲ. ನಮ್ಮನ್ನು ದಾಟಿ, ಆಚೆಯ ಕೊಳಕ್ಕೇ ನಡೆದಳು. ಅಲ್ಲಿ ಅಣಬೆಯಂಥ ಒಂದು ದೊಡ್ಡ ಕೊಡೆ, ಅದರ ಸುತ್ತ ಮೇಲಿನಿಂದ ನೀರು ಬೀಳುತ್ತಿತ್ತು. ಅಪ್ಪೆ ಅದರಡಿ ಹೋಗಿ ನಿಂತಳು. ಕೈ ತಾನಾಗಿ ಬೊಗಸೆಯಾಯಿತು, ಬಗ್ಗಲಿಕ್ಕೂ ಹೊರಟಳು. ಅಷ್ಟರಲ್ಲಿ ಎಚ್ಚರಾದವಳಂತೆ ನೆಟ್ಟಗಾಗಿ, ನಮ್ಮ ಕಡೆ ತಿರುಗಿ ಕೂಗಿದಳು:

"ಇಲ್ಲಿಯೂ ಮೇಲಿಂದಲೇ ಹುಯ್ಯುದಾ ಮಾರಾಯಾ?"

ಕೂಗಿ ನಕ್ಕಳು. ನೀರು ಬಾಯಿಗೆ ಹೋಗಿ ಕೆಮ್ಮಿದಳು. ಚಡ್ಡಿ ಹಿಡಿದ ಕೈ ಬಿಟ್ಟು ಮತ್ತೆ ಹಿಡಿದುಕೊಂಡಳು. ಮಕ್ಕಳು ಓಡಿದವು. ಆ ಹೆಂಗಸು ಅಲ್ಲೇ ಇದ್ದರು, ಬೇರೆ ಕಡೆ ನೋಡುತ್ತಿದ್ದರು. ಅವರ ಹುಡುಗಿ ನಮ್ಮ ಹುಡುಗಿಗೆ ಕೈ ಬೀಸಿತು. ಅಮ್ಮ ಈ ಸಲ ಕರೆಯಲಿಲ್ಲ. ಕರೆದು ಕರೆದು ಸಾಕಾಗಿತ್ತೋ, ಇನ್ನು ಹೋಗಲು ಬೇರೆ ಕೊಳವಿರಲಿಲ್ಲವೋ.

ವಾಪಸು ಬರುವಾಗ ಕತ್ತಲೆ. ಹುಡುಗ ನಿದ್ದೆ. ಹುಡುಗಿ ಮೂಡುಬಿದಿರೆ ದಾಟಿದ ಮೇಲೆ ಕೇಳಿದಳು: "ಅವಳನ್ನು ಅವಳಮ್ಮ ಯಾಕೆ ಎಳ್ಕೊಂಡು ಹೋದದ್ದು?" ನಾನು ಬಾಯಿ ತೆರೆದೆ. ಆರು ವರ್ಷದ ಹುಡುಗಿಗೆ ಎಲ್ಲಿಂದ ಸುರು ಮಾಡುವುದು? ಹೇಳದಿದ್ದರೆ ಯಾರು ಯಾವಾಗ ಹೇಗೆ ಹೇಳಿಯಾರು? ನಾನು ಯೋಚಿಸುವಷ್ಟರಲ್ಲಿ ಅಪ್ಪೆಯೇ ಅಂದಳು: "ಶೀತ ಅಂತೆ ಮಗಾ." ಹುಡುಗಿ ಒಪ್ಪಿಕೊಂಡಳು. ಅವಳಿಗೆ ಈಗ ಹನ್ನೆರಡು ದಾಟಿದೆ, ಇನ್ನೂ ನಾನು ಹೇಳಿಲ್ಲ. ಗೊತ್ತಾಗಿದೆಯೋ ಏನೋ.

ಮರುದಿನ ಬೆಳಗ್ಗೆ ಏಳಕ್ಕೆ ಅಪ್ಪೆ ತೋಟಕ್ಕೆ ಹೋದಳು. ತಲೆಯಲ್ಲಿ ಕ್ಲೋರಿನ್ ವಾಸನೆ ಇನ್ನೂ ಇತ್ತು. ತೋಟದ ಮನೆಯ ಅಮ್ಮ ಜಗಲಿಯಿಂದಲೇ ಕೇಳಿದರಂತೆ:

"ನಿನ್ನೆ ಕೆಲಸ ಬಿಟ್ಟು ಎಲ್ಲಿಗೆ ಹೋದದ್ದು ನೀನು?"

"ನೀರಿಗೆ ಹೋಗಿದ್ದೆ ಅಮ್ಮಾ."

"ನೀರಿಗಾ? ಇಡೀ ದಿನವಾ?"

"ಹೌದು," ಅಂದಳಂತೆ ಅಪ್ಪೆ, "ದೂರ ಅಲ್ವಾ."