ಮೊದಲು ವಂದನೆ, ಅನಂತರ ಕಾಫಿ

ಪ್ಯಾರಿಸ್ಸಿನ ಕಾಫಿಗೃಹಗಳಿಗೆ ದೀರ್ಘ ಇತಿಹಾಸವಿದೆ. ಸೇನ್ ನದಿಯ ಎಡದಂಡೆಯ ‘ಪ್ರೊಕೋಪ್’ 1686ರಲ್ಲಿ ಸ್ಥಾಪಿತವಾದುದು. ಅಂಥ ಊರಿನಲ್ಲಿ ಒಂದು ಬಟ್ಟಲು ಕಾಫಿ ತರಿಸಿಕೊಳ್ಳುವುದಕ್ಕೂ ಒಂದು ಶಿಷ್ಟಾಚಾರ ಬೆಳೆದಿದ್ದರೆ ಆಶ್ಚರ್ಯವೇನು?

ಒಳಗೆ ಕಾಲಿಟ್ಟೊಡನೆ ‘ಬೋಂಜೂರ್’ ಎನ್ನಬೇಕು, ಸಂಜೆಯಾಗಿದ್ದರೆ ‘ಬೋಂಸ್ವಾರ್’. ಈ ವಂದನೆಯನ್ನು ಬಿಟ್ಟು ನೇರವಾಗಿ ಕಾಫಿ ಕೇಳಿದವನು ಎಷ್ಟೇ ಮೃದುವಾಗಿ ನುಡಿದರೂ ಅವರ ಕಣ್ಣಿಗೆ ಒರಟನೇ. ಅಲ್ಲಿಯ ಪರಿಚಾರಕರು ಬಿಗುಮಾನದವರೆಂದು ದೂರುತ್ತ ಹಿಂದಿರುಗುವ ಪ್ರವಾಸಿಗರಲ್ಲಿ ಎಷ್ಟೋ ಮಂದಿ ಈ ಒಂದು ಮಾತನ್ನು ಆಡಿರುವುದಿಲ್ಲವೆಂದು ನನ್ನ ಊಹೆ.

ಪರಿಚಾರಕನನ್ನು ‘ಗಾರ್ಸೋಂ’ ಎಂದು ಕೂಗುವುದು ಹಳೆಯ ಚಲನಚಿತ್ರಗಳಿಗೇ ಸರಿ. ಆ ಪದಕ್ಕೆ ‘ಹುಡುಗ’ ಎಂದರ್ಥ. (ನಮ್ಮ ಹೋಟೆಲಿನ ‘ಮಾಣಿ’ಯೂ ಹುಡುಗನೇ ಅಲ್ಲವೆ? ತಲೆ ನರೆತರೂ ಮಾಣಿಯೇ!) ಅಲ್ಲಿ ಅನೇಕರಿಗೆ ಪರಿಚಾರಿಕೆಯು ಬಾಳಿನುದ್ದದ ವೃತ್ತಿ. ಕಣ್ಣಿಗೆ ಕಣ್ಣು ಸೇರಿದಾಗ ಕೈಯನ್ನು ತುಸು ಎತ್ತಿ ‘ಮಸ್ಯೊ’ ಎಂದೋ ‘ಮದಾಮ್’ ಎಂದೋ ಕರೆದರೆ ಸಾಕು.

ಮುಂದಿನ ಸೂಕ್ಷ್ಮವಿರುವುದು ಕ್ರಿಯಾಪದದಲ್ಲಿ. ‘ಜ ವೆ’ ಎಂದರೆ ‘ನನಗೆ ಬೇಕು’. ಹಟ ಹಿಡಿದ ಮಗುವಿನ ಮಾತು ಅದು. ಸಭ್ಯರು ‘ಜ ವೂದ್ರೆ ಅಂ ಕಫೆ, ಸಿಲ್ ವು ಪ್ಲೆ’ ಎನ್ನುತ್ತಾರೆ. ಕನ್ನಡಿಗರಿಗೆ ಇದು ಅಪರಿಚಿತವಲ್ಲ. ‘ಒಂದು ಪುಸ್ತಕ ಬೇಕು’ ಎನ್ನುವುದಕ್ಕೂ ‘ಒಂದು ಪುಸ್ತಕ ಬೇಕಾಗಿತ್ತು’ ಎನ್ನುವುದಕ್ಕೂ ಎಷ್ಟು ಅಂತರ! ನಾವು ಭೂತಕಾಲದಿಂದ ಸಾಧಿಸುವ ಸಂಕೋಚವನ್ನು ಫ್ರೆಂಚರು ಸಂಭಾವನಾ ರೂಪದಿಂದ ಸಾಧಿಸುತ್ತಾರೆ. ‘ಸಿಲ್ ವು ಪ್ಲೆ’ ಎಂಬುದಕ್ಕೆ ಅಕ್ಷರಶಃ ‘ತಮಗೆ ಪ್ರಿಯವಾದರೆ’ ಎಂದರ್ಥ.

ಹೀಗೆ ಕೇಳಿದ ‘ಕಫೆ’ ಪುಟ್ಟ ಬಟ್ಟಲಿನ ಕಡು ಕಪ್ಪು ಕಷಾಯ. ಹಾಲು ಬೇಕೆನ್ನುವವರು ‘ಕಫೆ ಕ್ರೆಮ್’ ಕೇಳಲಿ. ಮಕ್ಕಳಿಗೆ ‘ಸಿತ್ರೋಂ ಪ್ರೆಸೆ’ ತರಿಸಬಹುದು: ನಿಂಬೆರಸ, ನೀರು, ಸಕ್ಕರೆ ಬೇರೆ ಬೇರೆಯಾಗಿ ಬರುತ್ತವೆ, ಪಾನಕ ಬೆರೆಸುವ ಸಂಭ್ರಮ ಅವರದು. ಬರಿಯ ನೀರಿಗೆ ‘ಉನ್ ಕರಾಫ್ ದೊ’ ಎನ್ನಿರಿ. ‘ನೀರು’ ಎಂದಷ್ಟೇ ಹೇಳಿದರೆ ಬೆಲೆ ತೆರಬೇಕಾದ ಸೀಸೆ ಬಂದೀತು. ನಲ್ಲಿಯ ನೀರು ಕೇಳಿದವರಿಗೆ ಉಚಿತವೆಂಬುದನ್ನು ಭೋಜನಗೃಹಗಳು ಕಾಣುವಂತೆ ಪ್ರಕಟಿಸಬೇಕೆಂದು 2020ರ ಕಾನೂನು ವಿಧಿಸಿದೆ.

ಬಟ್ಟಲು ಬರಿದಾದರೂ ಬಿಲ್ಲು ತಾನಾಗಿ ಬರುವುದು ಅಪರೂಪ. ಇದು ಅಲಕ್ಷ್ಯವಲ್ಲ, ಕೇಳದೆ ಬಿಲ್ಲು ಇಡುವುದೆಂದರೆ ಅತಿಥಿಯನ್ನು ಎಬ್ಬಿಸಿದಂತೆ. ಆದುದರಿಂದ ಆತುರವಿಲ್ಲದೆ ಬೀದಿಯ ಜನರನ್ನು ನೋಡುತ್ತ ಕುಳಿತಿದ್ದು, ಮನಸ್ಸು ಬಂದಾಗ ‘ಲಾದಿಸಿಯೋಂ, ಸಿಲ್ ವು ಪ್ಲೆ’ ಎಂದರಾಯಿತು. ಸೇವೆಯ ಹಣ ಬೆಲೆಯಲ್ಲೇ ಸೇರಿರುತ್ತದೆ. ಮೆಚ್ಚಿಗೆಯಾದರೆ ತಟ್ಟೆಯಲ್ಲಿ ಒಂದೆರಡು ನಾಣ್ಯ ಬಿಟ್ಟು ಏಳಬಹುದು.