ಪರೀಕ್ಷೆ ಹೆದರಿಕೆಯಂತೆ!

ಪಕ್ಕದ ಮನೆಯ ಹುಡುಗಿ ಕೊಪ್ಪದಲ್ಲಿ ಪಿಯುಸಿ ಓದುತ್ತಾಳೆ. ಕಡುಬು ಕಂಡರೆ ಬಿಡದವಳು ಈಗ ಬೆಳಗಿನ ತಿಂಡಿಯನ್ನೇ ಮುಟ್ಟುವುದಿಲ್ಲ. ತಿಂದರೆ ದಾರಿಯಲ್ಲಿ ಎಲ್ಲಿ ಅವಸರವಾಗುತ್ತದೋ ಎಂಬ ಭಯ. ಬಸ್ಸಿನಲ್ಲೂ ಬಾಗಿಲ ಹತ್ತಿರದ ಸೀಟೇ ಬೇಕು. ಹೊಟ್ಟೆ ಆಗಾಗ ಕೆಡುತ್ತದೆ ಎಂದು ಅವಳು ಬಾಯಿ ಬಿಟ್ಟಿದ್ದೇ ತಡ, ಜಗುಲಿಯಲ್ಲಿ ಕೂತವರೆಲ್ಲ ತೀರ್ಪು ಕೊಟ್ಟರು: 'ಪರೀಕ್ಷೆ ಹೆದರಿಕೆ, ಮತ್ತೆಂತದೂ ಅಲ್ಲ.' ಈ ತೀರ್ಪು ನನ್ನನ್ನು ಕೊರೆಯುತ್ತಲೇ ಇದೆ.

ಹೆದರಿಕೆಗೆ ಹೊಟ್ಟೆ ಕೆಡುತ್ತದೆ, ಸುಳ್ಳಲ್ಲ. ಹೊಟ್ಟೆ ನುಲಿದು, ಹೋಗಿ ಬಂದರೆ ಹಗುರಾಗುವ ಐಬಿಎಸ್ ಈ ವಯಸ್ಸಿನಲ್ಲಿ ಸಾಮಾನ್ಯ. ಆದರೆ ಅದು ಗಾಢ ನಿದ್ದೆಯಿಂದ ಎಬ್ಬಿಸಿ ಓಡಿಸುವುದು ತೀರಾ ಕಡಿಮೆ. ನಮ್ಮ ಹಳೇ ಮನೆಗಳಲ್ಲಿ ಪಾಯಿಖಾನೆ ಅಂಗಳದಾಚೆ. ಆಷಾಢದ ಮಳೆಯಲ್ಲಿ ನಡುರಾತ್ರಿ ಮಗು ಟಾರ್ಚು ಹಿಡಿದು ಹೊರಟಿತೆಂದರೆ ಅದನ್ನು ಪಿಯುಸಿ ಪುಸ್ತಕದ ತಲೆಗೆ ಕಟ್ಟಬೇಡಿ.

ಮನೆಮದ್ದಿನ ಮೇಲೆ ನಮಗಿರುವ ಪ್ರೀತಿಯೂ ಇಲ್ಲಿ ಸೇರಿಕೊಳ್ಳುತ್ತದೆ. ಶೃಂಗೇರಿ ಕಡೆಯ ಯಾವ ಅಜ್ಜಿಯನ್ನಾದರೂ ಕೇಳಿ, ಮಾತು ಮುಗಿಯುವ ಮೊದಲೇ ಹಿತ್ತಲಿಗೆ ಇಳಿದಿರುತ್ತಾರೆ. ಪೇರಲೆ ಕುಡಿ, ನೇರಳೆ ಕುಡಿ, ಸಿಕ್ಕಿದರೆ ನೆಲ್ಲಿಯ ಚಿಗುರು. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಹಾಕಿ ಕುಡಿಯನ್ನು ಬಾಡಿಸಿ, ಕಾಯಿತುರಿ ಜೊತೆ ನುಣ್ಣಗೆ ಅರೆದು, ಮಜ್ಜಿಗೆಗೆ ಕದಡಿದರೆ ತಂಬುಳಿ. ಬಿಸಿ ಅನ್ನಕ್ಕೆ ಅದನ್ನು ಕಲಸಿಕೊಂಡು ತಿನ್ನುವ ಸುಖಕ್ಕಾಗಿ ಹೊಟ್ಟೆನೋವು ಎಂದು ಸುಳ್ಳು ಹೇಳಿದ ಮಕ್ಕಳೂ ಇದ್ದಾರೆ! ಒಗರು ಸುಮ್ಮನೆ ಬಂದದ್ದಲ್ಲ, ಆ ಚಿಗುರುಗಳಲ್ಲಿ ಟ್ಯಾನಿನ್ ಇದೆ. ಹಾಲು ಒಗ್ಗದ ಎಷ್ಟೋ ಹೊಟ್ಟೆಗಳಿಗೆ ಹುಳಿಬಂದ ಮಜ್ಜಿಗೆ ಒಗ್ಗುತ್ತದೆ, ಹಾಲಿನ ಲ್ಯಾಕ್ಟೋಸ್ ಅದರಲ್ಲಿ ಕಡಿಮೆಯಾಗಿರುತ್ತದೆ. ಇನ್ನು ಕೊಡಸಿಗ. ನಾಲಿಗೆ ಸುಟ್ಟಂತೆ ಕಹಿಯಾದ ಅದರ ಕೆತ್ತೆಯ ಕಷಾಯವನ್ನು ಮೂಗು ಹಿಡಿದು ಕುಡಿಸುತ್ತಿದ್ದರು. ಆಯುರ್ವೇದದ ಕುಟಜಾರಿಷ್ಟಕ್ಕೆ ಮೂಲ ಇದೇ ಮರ. ಇದರ ಕೊನೆಸಿನ್ ಎಂಬ ಸಾರವನ್ನು ಇಂಗ್ಲಿಷ್ ವೈದ್ಯರೂ ಒಂದು ಕಾಲದಲ್ಲಿ ಅಮೀಬಾ ಭೇದಿಗೆ ಕೊಡುತ್ತಿದ್ದರು. ಹಿತ್ತಲಲ್ಲಿ ಇಷ್ಟು ಸಂಪತ್ತು ಇಟ್ಟುಕೊಂಡವರಿಗೆ ಆಸ್ಪತ್ರೆ ನೆನಪಾಗುವುದು ತಡ. ಎರಡು ದಿನದ ಭೇದಿಗೆ ತಂಬುಳಿ ಚೆನ್ನ. ತಿಂಗಳುಗಟ್ಟಲೆ ಬಂದು ಹೋಗುವ ಭೇದಿಗೂ ಅದನ್ನೇ ಬಡಿಸುತ್ತಾ ಕೂತರೆ ಒಳಗಿನ ಕಾಯಿಲೆ ತನ್ನ ಪಾಡಿಗೆ ಬೆಳೆಯುತ್ತದೆ.

ಎರಡು ವಾರ ದಾಟಿದರೆ ತೋರಿಸಲೇಬೇಕು. ಅಬ್ಬಿ ನೀರನ್ನು ಕಾಯಿಸದೆ ಕುಡಿಯುವ ಊರುಗಳಲ್ಲಿ ಜಿಯಾರ್ಡಿಯಾದಂಥ ಪರಾವಲಂಬಿ ಹೊಟ್ಟೆ ಸೇರುವುದು ಕಷ್ಟವಲ್ಲ. ಮಲದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಮದ್ದೂ ಸುಲಭ. ಮಲದಲ್ಲಿ ರಕ್ತ ಕಂಡರೆ, ಜ್ವರ ಕೂಡಿದರೆ, ತಲೆ ಸುತ್ತಿ ಮೂತ್ರ ಕಡಿಮೆಯಾದರೆ ಅದೇ ದಿನ ಹೊರಡಬೇಕು. ದಾರಿಯುದ್ದಕ್ಕೂ ಕುದಿಸಿ ಆರಿಸಿದ ನೀರಿನಲ್ಲಿ ಕಲಸಿದ ಓಆರ್‌ಎಸ್ ಗುಟುಕರಿಸುತ್ತಿರಬೇಕು. ರಕ್ತ, ಜ್ವರ ಇರುವಾಗ ಭೇದಿ ನಿಲ್ಲಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಿಸುವುದಂತೂ ಬೇಡವೇ ಬೇಡ.

ಸದ್ದಿಲ್ಲದೆ ಬರುವುದು ಬೇರೆ ಇದೆ. ಲಂಗ ಸಡಿಲಾಗುತ್ತದೆ, ವರ್ಷ ಕಳೆದರೂ ಎತ್ತರ ಏರುವುದಿಲ್ಲ, ಮುಟ್ಟು ಮುಂದೆ ಹೋಗುತ್ತದೆ, ಬಾಯಿಹುಣ್ಣು ಮಾಯುವುದಿಲ್ಲ, ಗಂಟು ನೋಯುತ್ತದೆ. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್‌ನಂಥ ಕರುಳಿನ ಉರಿಯೂತ ಎಷ್ಟೋ ಸಲ ತಲೆ ಎತ್ತುವುದು ಹದಿಹರೆಯದಲ್ಲೇ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಇದೇ ವೇಷದಲ್ಲಿ ಬರುತ್ತದೆ. 'ಓದಿ ಓದಿ ಬಡಕಲಾಗಿದ್ದಾಳೆ' ಎನ್ನುವ ಮೊದಲು ಒಮ್ಮೆ ತೂಕ ನೋಡಿ.

ನಮ್ಮವರಿಗೆ ಇನ್ನೊಂದು ಅಳುಕು, ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದೆಂದರೆ ಏನೋ ದೊಡ್ಡ ಕಾಯಿಲೆಯೇ ಎಂದು. ಮಲ, ರಕ್ತದ ಮೊದಲ ಪರೀಕ್ಷೆಗೆ ಘಾಟಿ ಯಾಕೆ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರರಲ್ಲೂ ತಾಲ್ಲೂಕು ಆಸ್ಪತ್ರೆ ಇದೆ.

ಈ ಮಕ್ಕಳು ತೊಟ್ಟಿಲಲ್ಲಿದ್ದಾಗ ಎಷ್ಟು ಸಲ ಹೋಯಿತು, ಯಾವ ಬಣ್ಣ ಎಂದು ಊರಿಗೆಲ್ಲ ಸಾರಿದವರು ನಾವು. ಈಗ ನಾಚಿಕೊಂಡು ಸುಮ್ಮನಿರುತ್ತೇವೆ. ಕೇಳಿ. 'ರಾತ್ರಿ ಏಳಬೇಕಾಗುತ್ತದಾ ಮಗಾ?' ಅಂತಲೇ ಕೇಳಿ. ಅಣ್ಣತಮ್ಮಂದಿರ ಎದುರಿಗೆ ಮಾತ್ರ ಬೇಡ. ಡಾಕ್ಟರ ಮುಂದೆ ಅವಳೇ ಮಾತಾಡಲಿ, ಅಪ್ಪ ಸ್ವಲ್ಪ ಹೊತ್ತು ಹೊರಗೆ ಕೂರಲಿ.