ಬಾಲವಿಲ್ಲದ ಪ್ರಾಣಿ

ಶಾಲೆಯ ಪ್ರಾಜೆಕ್ಟ್ ಎಂದರೆ ಅಂಗಡಿಯಿಂದ ಚಾರ್ಟ್ ತಂದು, ಕತ್ತರಿಸಿ ಅಂಟಿಸುವುದು. ಅದರಲ್ಲಿ ಜಿರಾಫೆ, ಜೀಬ್ರಾ ಇರುತ್ತವೆ, ಕಾಡುಪಾಪ ಇರುವುದಿಲ್ಲ. ತುಮಕೂರು ಸುತ್ತಲಿನ ಕುರುಚಲು ಕಾಡಿನಲ್ಲೇ ಬದುಕುವ ಜೀವಿ ಅದು!

ಚಾರ್ಟ್ ಬಿಟ್ಟು ಒಂದು ಮುದ್ದೆ ಜೇಡಿಮಣ್ಣು ಕೊಟ್ಟು, ಕಾಡುಪಾಪ ಮಾಡಿ ಅನ್ನಿ. ಬಾಲ ಎಷ್ಟುದ್ದ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬಾಲವೇ ಇಲ್ಲ. ಮತ್ತೆ ಕೊಂಬೆಯಿಂದ ಕೊಂಬೆಗೆ ಹೇಗೆ ಹಾರುತ್ತೆ? ಹಾರುವುದೂ ಇಲ್ಲ, ಬಿಗಿಯಾಗಿ ಹಿಡಿದುಕೊಂಡು ಮೆಲ್ಲಗೆ ನಡೆಯುತ್ತದೆ. ಅದಕ್ಕೇ ಕೊಂಬೆಗಳು ಒಂದಕ್ಕೊಂದು ತಾಗಿರಬೇಕು. ರಸ್ತೆ ಅಗಲ ಮಾಡಲು ಮರ ಕಡಿದರೆ ಅದರ ದಾರಿ ಮುಚ್ಚಿತು ಅಂತಲೇ. ಕಣ್ಣು ಅಷ್ಟು ದೊಡ್ಡದೇಕೆ? ರಾತ್ರಿ ಹುಳ ಹಿಡಿಯಬೇಕಲ್ಲ! ಇಷ್ಟು ಹೊತ್ತಿಗೆ ಅರ್ಧ ಪಾಠ ಆಗಿಯೇ ಹೋಗಿರುತ್ತದೆ.

ಸಿಂಗಳೀಕದ ಮುಖವಾಡವೂ ಒಳ್ಳೆಯದೇ. ಕಪ್ಪು ಮುಖ, ಸುತ್ತ ಬೂದು ಕೇಸರ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲ. ಶರಾವತಿ ಕಣಿವೆಯಲ್ಲಿ ಅದರ ಹೆಸರಿನಲ್ಲೇ 2019ರಲ್ಲಿ ಅಭಯಾರಣ್ಯ ಘೋಷಣೆಯಾಗಿದೆ.

ಮೇಷ್ಟ್ರುಗಳೇ, ಮೇಡಂಗಳೇ, ಒಂದೇ ಮನವಿ: ಮಗು ಮಾಡಿದ ಸೊಟ್ಟ ಕಾಡುಪಾಪಕ್ಕೆ ಅಂಕ ಕೊಡಿ. ಅಪ್ಪ ಅಮ್ಮ ಮಾಡಿಕೊಟ್ಟ ನುಣುಪು ಥರ್ಮೋಕೋಲ್ ಹುಲಿಗೆ ಬೇಡ.